ನಾಲ್ಕನೇ ಕ್ಲಾಸಿನ ಹುಡುಗಿಯರ ಸಾಲು

ಶಕುಂತಲಮ್ಮ ಅಜ್ಜಂಪುರದ ಕೊಬ್ಬರಿ ವ್ಯಾಪಾರಿಗಳ ಮನೆಯ ಮಗಳು. ಅಮೃತಾಪುರದಿಂದ ಎರಡು ಮೈಲಿ ಒಳಗಿದ್ದ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಗೆ ಅವರನ್ನು ಟೀಚರಾಗಿ ಹಾಕಿದಾಗ, ವರ್ಷ ತುಂಬುವುದರೊಳಗೆ ವರ್ಗ ಮಾಡಿಸಿಕೊಂಡು ಹೋಗುತ್ತಾರೆಂದೇ ಎಲ್ಲರೂ ತಿಳಿದಿದ್ದರು. ಅವರು ಹೋಗಲಿಲ್ಲ. ಊರೊಳಗೆ ಒಂದು ಕೋಣೆ ಹಿಡಿದರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ, ರೊಟ್ಟಿ ಕಟ್ಟಿಕೊಂಡು ಶಾಲೆಯ ಬೀಗ ತೆಗೆಯುವುದು ಅವರ ದಿನಚರಿಯಾಯಿತು.

ಶಾಲೆಯಲ್ಲಿ ನಾಲ್ಕು ತರಗತಿ, ಇಬ್ಬರು ಶಿಕ್ಷಕರು. ಹಿರಿಯರಾದ ಬೆನಕಪ್ಪ ಮೇಷ್ಟ್ರು ಒಂದು, ಎರಡನೇ ತರಗತಿಯ ಜೊತೆ ಕಾಗದಪತ್ರಗಳನ್ನೂ ನೋಡಿಕೊಂಡರು. ಮೂರು, ನಾಲ್ಕು ಟೀಚರಮ್ಮನ ಪಾಲಿಗೆ ಬಂತು. ಅಲ್ಲೇ ಅವರಿಗೆ ಊರಿನ ಒಂದು ಪದ್ಧತಿ ಎದುರಾಯಿತು. ಹುಡುಗಿಯರು ಮೂರನೇ ಕ್ಲಾಸಿನವರೆಗೆ ಬರುತ್ತಿದ್ದರು. ನಾಲ್ಕಕ್ಕೆ ಬರುವ ಹೊತ್ತಿಗೆ ಒಬ್ಬಳನ್ನು ಹಸು ಕಾಯಲು, ಇನ್ನೊಬ್ಬಳನ್ನು ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಕೊನೆಗೆ ಉಳಿಯುತ್ತಿದ್ದವಳು ಒಬ್ಬಳೇ. ಗಂಡುಹುಡುಗರ ನಡುವೆ ಒಂಟಿ ಹುಡುಗಿಯನ್ನು ಕೂರಿಸಬಾರದೆಂದು ಅವಳನ್ನೂ ಬಿಡಿಸುತ್ತಿದ್ದರು. ಎಪ್ಪತ್ತನಾಲ್ಕನೇ ಇಸವಿಯ ಜೂನ್‌ನಲ್ಲಿ ಹಾಗೆ ಒಂಟಿಯಾಗಿ ಉಳಿದು ಶಾಲೆ ಬಿಟ್ಟವಳು ಹಾಲಮ್ಮ. ಊರಿನ ಹಿರಿಯ ಕರಿಸಿದ್ದಪ್ಪನವರ ಮೊಮ್ಮಗಳು, ಒಮ್ಮೆ ಓದಿದ ಪದ್ಯವನ್ನು ಮರೆಯದ ಹುಡುಗಿ. ಟೀಚರಮ್ಮ ಮನೆಗೇ ಹೋಗಿ ಕೇಳಿದರು. ಅಜ್ಜ ಕಾಫಿ ಕೊಡಿಸಿದರು, ಮರ್ಯಾದೆಯಿಂದ ಮಾತಾಡಿಸಿದರು, ಒಂಟಿ ಹುಡುಗಿಯನ್ನು ಕೂರಿಸುವುದಿಲ್ಲ ಎಂದು ಊರವರೆದುರೇ ಹೇಳಿ ಮೊಮ್ಮಗಳನ್ನು ಮಾತ್ರ ಕಳಿಸಲಿಲ್ಲ.

ಅದೇ ಮಳೆಗಾಲದಲ್ಲಿ ಅರಣ್ಯ ಇಲಾಖೆಯ ನೀಲಗಿರಿ ನೆಡುತೋಪಿನ ಕೆಲಸಕ್ಕೆ ಹೊಸ ಜನ ಬಂದು, ನಾಲೆಯ ಪಕ್ಕದ ಶೆಡ್ಡುಗಳಲ್ಲಿ ಇಳಿದರು. ಊರವರು ಅವರನ್ನು ಸಿಲೋನಿನವರು ಎಂದು ಕರೆದರು. ಅವರ ಅಜ್ಜಂದಿರು ಎಂದೋ ತಮಿಳು ಸೀಮೆಯಿಂದ ಅಲ್ಲಿನ ಟೀ ತೋಟಗಳಿಗೆ ಹೋಗಿದ್ದವರು. ಈಗ ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಂಡು, ಇಷ್ಟು ಜನ ನಿಮಗೆ ಇಷ್ಟು ಜನ ನಮಗೆ ಎಂದು ಹಂಚಿಕೊಂಡಿದ್ದರಿಂದ ಹಡಗು ಹತ್ತಿ ಬಂದಿದ್ದರು. ಒಂದು ದಿನ ಮೀನಾಚ್ಚಿ ಎಂಬ ಹೆಂಗಸು ಮಗಳು ವಳ್ಳಿಯನ್ನೂ ಶೆಡ್ಡಿನ ಉಳಿದ ಮಕ್ಕಳನ್ನೂ ಕರೆದುಕೊಂಡು ಬಂದು ಶಾಲೆಯ ಜಗಲಿಯ ಕೆಳಗೆ ನಿಂತಳು.

ಮೇಲಿನಿಂದ ಆದೇಶ ಬರುವವರೆಗೆ ಸೇರಿಸಿಕೊಳ್ಳಲಾಗದು ಎಂದರು ಬೆನಕಪ್ಪ ಮೇಷ್ಟ್ರು. ಅಲ್ಲಿಯವರೆಗೆ ಸುಮ್ಮನೆ ಕೂತಿರಲಿ ಎಂದರು ಶಕುಂತಲಮ್ಮ. ಹಾಗಾದರೆ ಎಲ್ಲರೂ ಒಂದನೇ ಕ್ಲಾಸಿನಲ್ಲಿ ಕೂರಲಿ, ಅ ಆ ಕೂಡ ಬಾರದಲ್ಲ ಎಂದರು ಮೇಷ್ಟ್ರು. ಶಕುಂತಲಮ್ಮ ಅದಕ್ಕೂ ಒಪ್ಪಲಿಲ್ಲ. ಟೀ ತೋಟದ ಶಾಲೆಯಲ್ಲಿ ಲೆಕ್ಕ ಕಲಿತ ದೊಡ್ಡ ಹುಡುಗಿಯರು ಚಿಕ್ಕ ಮಕ್ಕಳ ಮಧ್ಯೆ ಕೂತು ನಾಚಬಾರದೆಂದು ವಾದಿಸಿ, ವಳ್ಳಿಯನ್ನೂ ಅವಳ ಓರಗೆಯ ಇಬ್ಬರನ್ನೂ ನಾಲ್ಕನೇ ಕ್ಲಾಸಿಗೆ ಕರೆದುಕೊಂಡರು. ಇದರಲ್ಲಿ ಅವರದೊಂದು ಆಸೆಯೂ ಇತ್ತು. ಮರುದಿನವೇ ಕರಿಸಿದ್ದಪ್ಪನವರ ಮನೆಗೆ ಹೋಗಿ, ನಾಲ್ಕನೇ ಕ್ಲಾಸಿನಲ್ಲಿ ಈಗ ಹುಡುಗಿಯರ ಸಾಲೇ ಇದೆ ಎಂದು ಹೇಳಿ ಬಂದರು. ಅಜ್ಜನಿಗೆ ಬೇರೆ ನೆಪ ಸಿಗಲಿಲ್ಲ. ಹಾಲಮ್ಮ ಬಳಪ ಹಿಡಿದು ಮತ್ತೆ ಬಂದಳು.

ಆದರೆ ಟೀಚರಮ್ಮನ ಒಂದು ಎಣಿಕೆ ತಪ್ಪಿತು. ಸಿಲೋನಿನ ಮಕ್ಕಳನ್ನು ಊರಿನ ಮಕ್ಕಳ ಜೊತೆ ಕೂರಿಸಿದರೆ ತಾನಾಗಿಯೇ ಕನ್ನಡ ಬರುತ್ತದೆಂದು ಅವರು ನಂಬಿದ್ದರು. ಆದದ್ದೇ ಬೇರೆ. ಬಂದವರಿಗೆ ಮಾತಾಡಲು ಸಂಕೋಚ, ಊರಿನವರಿಗೆ ಹೊಸ ಮಾತಿನ ಹುಚ್ಚು. ಗೌರಿ ಹಬ್ಬದ ಹೊತ್ತಿಗೆ ಊರಿನ ಮಕ್ಕಳೇ ತಮಿಳು ಕಲಿತುಬಿಟ್ಟಿದ್ದರು. ಬಾವಿಯ ಹತ್ತಿರ ತಮಿಳಿನಲ್ಲಿ ಜಗಳ, ಚೌಕಾಬಾರದಲ್ಲಿ ತಮಿಳಿನ ಎಣಿಕೆ.

ಕರಿಸಿದ್ದಪ್ಪ ಟವೆಲ್ ಕೊಡವುತ್ತಾ ಶಾಲೆಗೇ ಬಂದರು.

"ಏನ್ ಟೀಚರಮ್ಮ, ನಮ್ ಮಕ್ಳಿಗೆ ಕನ್ನಡ ಕಲ್ಸಕ್ಕೆ ಅಂತ ನಿಮ್ಮುನ್ನ ಇಲ್ಲಿಗೆ ಹಾಕಿರೋದು. ನನ್ ಮೊಮ್ಮಗ್ಳು ನೀರ್ ಬೇಕಾದ್ರೆ ತಣ್ಣಿ ಕುಡು ಅಂತಾಳೆ. ಅವ್ರಜ್ಜಿ ತಣ್ಣಗಿರೋದೇನೋ ಬೇಕು ಅಂತ ಮಜ್ಜಿಗೆ ತಂದ್ ಕೊಟ್ಲು."

"ನಾನ್ ಕಲಿಸಿಲ್ಲ ಯಜಮಾನ್ರೇ. ನಿಮ್ಮ ಮೊಮ್ಮಗಳು ಚುರುಕು, ತಾನೇ ಕಲ್ತಿದಾಳೆ."

"ಅದೇನ್ ಚುರುಕೋ. ನಾಳೆ ನನ್ನನ್ನೂ ಆ ಭಾಷೇಲೇ ಬೈತಾಳೆ, ನಾನು ಹೊಗಳ್ತಾವ್ಳೆ ಅನ್ಕಂಡು ತಲೆ ಆಡಿಸ್ಬೇಕು."

ಶಕುಂತಲಮ್ಮ ನಕ್ಕರು. ಆದರೆ ಮುದುಕರು ಹೇಳಿದ್ದರಲ್ಲಿ ನಿಜವಿದೆ ಎಂಬುದು ಅವರಿಗೂ ಗೊತ್ತಿತ್ತು. ಸಂಜೆಯ ಕೊನೆಯ ಗಂಟೆಯಲ್ಲಿ ಒಬ್ಬರು ಮುಂದೆ ನಿಂತು ಮಗ್ಗಿ ಹೇಳುವುದು, ಉಳಿದವರೆಲ್ಲ ಕೂಗಿ ಒಪ್ಪಿಸುವುದು ಶಾಲೆಯ ರೂಢಿ. ಅಂದಿನಿಂದ ಆ ಕೆಲಸವನ್ನು ಸಿಲೋನಿನ ಹುಡುಗಿಯರಿಗೆ ಕೊಟ್ಟರು. ಮುಂದೆ ನಿಂತವರು ಬಾಯಿ ಬಿಡಲೇಬೇಕಲ್ಲ. ಮೊದಲ ದಿನ ವಳ್ಳಿ ಎರಡರ ಮಗ್ಗಿಯಲ್ಲೇ ತೊದಲಿದಳು, ಹುಡುಗರು ನಕ್ಕರು. ಮೊದಲ ಸಾಲಿನಿಂದ ಹಾಲಮ್ಮ ಮೆಲ್ಲಗೆ ಹೇಳಿಕೊಟ್ಟಳು. ಸಂಕ್ರಾಂತಿಯ ಹೊತ್ತಿಗೆ ವಳ್ಳಿ ಹದಿನಾರರ ಮಗ್ಗಿಯನ್ನು ಎಲ್ಲೂ ನಿಲ್ಲದೆ ಹೇಳಿಸುತ್ತಿದ್ದಳು. ತಪ್ಪಿದವರನ್ನು ಕನ್ನಡದಲ್ಲೇ ಗದರುತ್ತಲೂ ಇದ್ದಳು.

ಮೇಷ್ಟ್ರು ಕಾಯುತ್ತಿದ್ದ ಆದೇಶ ಆಮೇಲೆ ಬಂತು. ಅದನ್ನು ಹಿಡಿದು ತರೀಕೆರೆಯಿಂದ ತಪಾಸಣೆಯ ಸಾಹೇಬರೇ ಬಂದು ಹೊಂಗೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಊರವರನ್ನೂ ಶೆಡ್ಡಿನವರನ್ನೂ ಕರೆಸಿದರು. ಮಕ್ಕಳು ತಾಯಿನುಡಿಯಲ್ಲಿ ಓದಬೇಕು, ಇಲ್ಲಿ ತಮಿಳು ಶಿಕ್ಷಕರನ್ನು ಕೊಡುವಷ್ಟು ಮಕ್ಕಳಿಲ್ಲ, ಭದ್ರಾವತಿಯಲ್ಲಿ ತಮಿಳು ಶಾಲೆ ಇದೆ, ಉಳಿಯಲು ಹಾಸ್ಟೆಲ್ಲಿನ ಏರ್ಪಾಡು ಮಾಡಿಸೋಣ ಎಂದರು. ಸಾಹೇಬರು ಕೆಟ್ಟವರಲ್ಲ, ಒಳ್ಳೆಯದೆಂದೇ ನಂಬಿ ಹೇಳಿದರು. ಮೀನಾಚ್ಚಿಗೆ ಅರ್ಥವಾದದ್ದು ಹಾಸ್ಟೆಲ್ಲಿನ ಮಾತು ಮಾತ್ರ. ಕಲಿತಷ್ಟು ಕನ್ನಡದಲ್ಲಿ ಅವಳು ಹೇಳಿದಳು:

"ಎರಡು ಸರ್ಕಾರ ನಮ್ಮನ್ನ ಹಂಚಾಯ್ತು ಸಾಮಿ. ಈಗ ತಾಯಿ ಒಂದ್ಕಡೆ ಮಗಳು ಒಂದ್ಕಡೆ ಹಂಚಬೇಡ."

ಸಾಹೇಬರು ತಂದೆತಾಯಿ ಬೇಡವೆಂದರೆ ಬಲವಂತವಿಲ್ಲ ಎಂದರು. ಆದರೆ ಇಲ್ಲೇ ಕನ್ನಡದಲ್ಲಿ ಓದಿಸುವುದಾದರೆ ಊರವರೂ ಒಪ್ಪಬೇಕು, ನಾಳೆ ತಕರಾರು ಬರಬಾರದು ಎಂದು ಸುತ್ತ ನಿಂತವರನ್ನು ನೋಡಿದರು. ಎಲ್ಲರೂ ಕರಿಸಿದ್ದಪ್ಪನವರ ಮುಖ ನೋಡಿದರು. ಅವರು ನೆಲ ನೋಡುತ್ತಿದ್ದರು.

ಶಕುಂತಲಮ್ಮ ಮಗ್ಗಿ ಒಪ್ಪಿಸಿ ತೋರಿಸಲು ಮಕ್ಕಳನ್ನು ಕರೆಯಲಿಲ್ಲ, ನ್ಯಾಯದ ಮಾತೂ ಆಡಲಿಲ್ಲ. ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಯಜಮಾನ್ರೇ, ಇವರು ಹೋದ್ರೆ ನಾಳೆಯಿಂದ ಹಾಲಮ್ಮನ್ನ ಕಳಿಸ್ತೀರಾ?"

ಒಂಟಿ ಹುಡುಗಿಯನ್ನು ಕೂರಿಸುವುದಿಲ್ಲ ಎಂದು ಊರೆದುರು ಹೇಳಿದ್ದವರು ಆ ಮುದುಕರೇ. ಕಳಿಸುತ್ತೇನೆಂದರೆ ಆಡಿದ ಮಾತು ಹೋಯಿತು, ಇಲ್ಲವೆಂದರೆ ಮೊಮ್ಮಗಳ ಓದು ಹೋಯಿತು. ಕಿಟಕಿಯ ಸರಳು ಹಿಡಿದು ಹಾಲಮ್ಮ ಅಜ್ಜನನ್ನೇ ನೋಡುತ್ತಿದ್ದಳು, ಪಕ್ಕದಲ್ಲಿ ವಳ್ಳಿ. ಶಕುಂತಲಮ್ಮನಿಗೆ ಭಯವಾಗಲಿಲ್ಲ. ಕೇಳಬೇಕಾದದ್ದನ್ನು ಕೇಳಿದ್ದಾಗಿತ್ತು, ಉಳಿದದ್ದು ಶಿವನಿಗೆ ಸೇರಿದ್ದು. ಅಲ್ಲದೆ ಆ ಅಜ್ಜನಿಗೆ ಮೊಮ್ಮಗಳೆಂದರೆ ಎಷ್ಟು ಪ್ರಾಣ ಎಂಬುದನ್ನು ಅವರು ಕಂಡಿದ್ದರು.

ಕರಿಸಿದ್ದಪ್ಪ ಸಾಹೇಬರ ಕಡೆ ತಿರುಗಿದರು.

"ಬರ್ಕಳಿ ಸ್ವಾಮಿ. ಇಲ್ಲೇ ಬರ್ಕಳಿ. ನಮ್ಮೂರ ನೀರು ಕುಡಿದ್ಮೇಲೆ ನಮ್ಮೂರ ಮಕ್ಳೇ ಅವು. ನನ್ ಮೊಮ್ಮಗಳ ಜತೆ ಕೂರ್ಲಿ."

ಬೆನಕಪ್ಪ ಮೇಷ್ಟ್ರು ಒಳಗಿನಿಂದ ದಾಖಲಾತಿ ಪುಸ್ತಕ, ಮಸಿಕುಡಿಕೆ ತಂದರು. ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ. ಊರಿನ ಮಕ್ಕಳಿಗೆ ಮಾಡುವಂತೆ ಅವರಿಗೂ ಜೂನ್ ತಿಂಗಳಲ್ಲೇ ಒಂದೊಂದು ತಾರೀಖು ಕೊಟ್ಟು ಬರೆದುಕೊಂಡರು.

ಶಕುಂತಲಮ್ಮ ಎಂಬತ್ತನಾಲ್ಕನೇ ಇಸವಿಯವರೆಗೆ ಅಲ್ಲೇ ಇದ್ದರು. ಹಾಲಮ್ಮ ಮತ್ತು ವಳ್ಳಿ ಅಮೃತಾಪುರದ ಶಾಲೆಗೆ ಒಟ್ಟಿಗೇ ನಡೆದು ಹೋಗಿ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಮುಗಿಸಿದರು. ಹಿಂದೆಯೇ ಅವರವರ ತಂಗಿಯರು ಹೊರಟರು. ಆಮೇಲೆ ಶೆಡ್ಡಿನ ಕೆಲವು ಸಂಸಾರಗಳು ಕೆಲಸ ಹುಡುಕಿಕೊಂಡು ಬೇರೆ ಕಡೆ ಹೋದವು. ಅಷ್ಟರಲ್ಲಿ ನಾಲ್ಕನೇ ಕ್ಲಾಸಿಗೆ ಹೆಣ್ಣುಮಕ್ಕಳನ್ನು ಕಳಿಸುವುದು ಊರಿಗೆ ಅಭ್ಯಾಸವಾಗಿಹೋಗಿತ್ತು. ಈ ಸಲ ಸಾಲಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಯಾರೂ ಬಂದು ಕೇಳುತ್ತಿರಲಿಲ್ಲ.