ನೆಟ್‌ವರ್ಕ್ ಹೋದಾಗ ಬೋರ್ಡು ಏನು ತೋರಿಸಬೇಕು?

ಕಳೆದ ಮಂಗಳವಾರ ಬೆಳಗ್ಗೆ ಏಳೂಕಾಲಿಗೆ ನಮ್ಮ ರಸ್ತೆಯ ಮೂರನೇ ಬೋರ್ಡು ಹಸಿರು ಅಕ್ಷರಗಳಲ್ಲಿ 'ಆನೆ ಇಲ್ಲ, ಹೋಗಬಹುದು' ಎಂದು ತೋರಿಸುತ್ತಿತ್ತು. ಆನೆ ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು.

(ಹೆಜ್ಜೆಗಳನ್ನು ಆಮೇಲೆ ನಾನೇ ಎಣಿಸಿದೆ. ನನ್ನ ಹೆಜ್ಜೆ, ಆನೆಯದ್ದಲ್ಲ.)

ಬೋರ್ಡು ಓದಿ ತಿರುವು ದಾಟಿದವಳು ಲೀಲಾ. ಹನ್ನೊಂದು ವರ್ಷದಿಂದ ನಮ್ಮ ತೋಟಕ್ಕೆ ಕಾಫಿ ಪಿಕ್ಕಿಂಗಿಗೆ ಬರುವವಳು. ಓಡಿದಳು, ಚರಂಡಿಗೆ ಬಿದ್ದಳು, ಎಡಗೈ ಮುರಿಯಿತು. ಆನೆ ಅವಳ ಬುತ್ತಿ ಚೀಲ ತುಳಿದು ಆಚೆ ತೋಟಕ್ಕೆ ಇಳಿಯಿತು. ನಾನು ಜೀಪಿನಲ್ಲಿ ಹಿಂದೆಯೇ ಬರುತ್ತಿದ್ದೆ. ಕಂಡದ್ದು ಇಷ್ಟೇ. ಇನ್ನೂ ಹೇಳಿದರೆ ಅದು ನಾನು ಸೇರಿಸಿದ್ದಾಗುತ್ತದೆ.

ಮಾದಾಪುರದ ಈಚೆ ನಾವು ಏಳು ತೋಟದವರು ಸೇರಿ ನಾಲ್ಕು ಡಿಸ್‌ಪ್ಲೇ ಬೋರ್ಡು ಹಾಕಿಸಿದ್ದೆವು. ಪ್ರತಿಯೊಂದಕ್ಕೂ ಒಂದು ಸಿಮ್. ಕಂಟ್ರೋಲ್ ಮಾತ್ರ ಒಂದೇ ಕಡೆ, ಪಕ್ಕದ ಎಸ್ಟೇಟಿನ ಆಫೀಸ್ ಕಂಪ್ಯೂಟರಿನಲ್ಲಿ. ಆನೆ ಕಂಡವರು ಅಲ್ಲಿ ಲೆಕ್ಕ ಬರೆಯುವ ರೈಟರ್ ರಫೀಕ್‌ಗೆ ಫೋನ್ ಮಾಡಬೇಕು. ಆತ ಟೈಪ್ ಮಾಡಿದ್ದು ನಾಲ್ಕೂ ಕಡೆ ಬರುತ್ತದೆ. ಎಷ್ಟು ಸುಲಭ, ಅಲ್ಲವೇ?

ಪ್ಲಾನಿಂಗ್ ಮೀಟಿಂಗಿಗೆ ಮೈಸೂರಿನಿಂದ ಕಿರಣ್ ಎಂಬ ಎಂಜಿನಿಯರ್ ಬಂದಿದ್ದರು. ಕಂಬದ ಎತ್ತರ ಐದು ನಿಮಿಷದಲ್ಲಿ ತೀರ್ಮಾನವಾಯಿತು. ಬೋರ್ಡಿನ ಕೆಳಗೆ ಯಾವ ತೋಟದ ಹೆಸರು ಮೊದಲು ಎಂಬುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಎಲ್ಲರೂ ಎದ್ದು ನಿಂತಾಗ ಕಿರಣ್ ಕೊನೆಯ ಪ್ರಶ್ನೆ ಕೇಳಿದರು.

"ನೆಟ್‌ವರ್ಕ್ ಹೋದ್ರೆ ಏನ್ ಮಾಡ್ಲಿ ಮೇಡಂ? ಹಳೇ ಮೆಸೇಜ್ ಹಾಗೇ ಇರ್ಲಾ, ಬೋರ್ಡ್ ಬ್ಲ್ಯಾಂಕ್ ಮಾಡ್ಲಾ?"

"ಬ್ಲ್ಯಾಂಕ್ ಬೇಡ ಮಾರಾಯ," ಎಂದರು ನೆರೆ ತೋಟದ ಪೊನ್ನಪ್ಪ. "ನಮ್ಮ ನೆಟ್‌ವರ್ಕಿಗೆ ವಾರದಲ್ಲಿ ನಾಲ್ಕು ದಿನ ಬ್ಲ್ಯಾಂಕೇ ಇರ್ತದೆ. ಜನ ಅದ್ರ ಮೇಲೆ ಬಟ್ಟೆ ಒಣಗಿಸ್ತಾರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಿನಿಟ್ಸ್ ಪುಸ್ತಕದಲ್ಲಿ 'ಹಳೆಯ ಮೆಸೇಜ್ ಇರಲಿ' ಎಂದು ಬರೆದೆ. ಅಕ್ಷರ ನನ್ನದೇ.

ಮಂಗಳವಾರ ಆರೂಮುಕ್ಕಾಲಿಗೆ ರಫೀಕ್ 'ಆನೆ ಇದೆ' ಎಂದು ಟೈಪ್ ಮಾಡಿದ್ದ. ಮೂರು ಬೋರ್ಡು ಕೆಂಪಾದವು. ಮೂರನೇ ಬೋರ್ಡಿನ ತಿರುವಿನಲ್ಲಿ ಸಿಗ್ನಲ್ ಇರಲಿಲ್ಲ. ಅಲ್ಲಿ ಹಿಂದಿನ ಸಂಜೆಯ ಹಸಿರೇ ಉಳಿಯಿತು.

"ಕಂಪ್ಯೂಟರಲ್ಲಿ ಮೆಸೇಜ್ ಸೆಂಟ್ ಅಂತ ಬಂತಕ್ಕ. ನಾನು ಇನ್ನೇನ್ ಮಾಡ್ಬೇಕಿತ್ತು?" ಎಂದ ರಫೀಕ್.

ಏನು ಮಾಡಬೇಕಿತ್ತು? ಮೊದಲೆಲ್ಲ ಆನೆ ಕಂಡ ಒಂದು ಲೈನ್‌ಮನೆಯ ಕೆಲಸದವರು ಕೂಗಿದರೆ ಮುಂದಿನ ಲೈನಿನವರು ಕೂಗುತ್ತಿದ್ದರು. ಕೂಗು ರಸ್ತೆಯುದ್ದಕ್ಕೂ ಹೋಗುತ್ತಿತ್ತು. ಬೋರ್ಡು ಬಂದ ಮೇಲೆ ಯಾರೂ ಕೂಗುತ್ತಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ. ಅದು ಯಾವಾಗ ನಿಂತಿತು ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಲೀಲಾಳನ್ನು ಕೇಳಿದೆ, ಬೋರ್ಡು ನೋಡಿದ್ದೆಯಾ ಎಂದು.

"ನೋಡ್ಕಂಡೇ ಹೋದೆ. ಬೋರ್ಡ್ ನೋಡ್ದೆ ಕಾಲಿಡ್ಬೇಡ ಅಂದೋರು ನೀವೇ ಅಲ್ವಾ?" ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲೆ ಸರಿಸಿಕೊಂಡಳು. "ಆನೆ ವಾಸ್ನೆ ಬಂದಿತ್ತು ಅಕ್ಕ. ಮೊದ್ಲಾಗಿದ್ರೆ ಅಲ್ಲೇ ನಿಂತ್ಕತಿದ್ದೆ. ಬೋರ್ಡಲ್ಲಿ ಇಲ್ಲ ಅಂತ ಐತಲ್ಲ, ಅಂದ್ಕಂಡು ಹೋದೆ."

ಕಿತ್ತಳೆ ಹಣ್ಣಿನ ಚೀಲವನ್ನು ಮಂಚದ ಪಕ್ಕ ಇಟ್ಟೆ.

ಈಗ ಕಿರಣ್ ಸೆಟ್ಟಿಂಗ್ ಬದಲಿಸಿದ್ದಾರೆ. ಸಿಗ್ನಲ್ ಹೋದರೆ ಬೋರ್ಡು ಬ್ಲ್ಯಾಂಕ್. ನಿನ್ನೆ ಮೂರನೇ ಬೋರ್ಡು ಕಪ್ಪಾಗಿತ್ತು. ಕೆಳಗೆ ಇಬ್ಬರು ನಿಂತಿದ್ದರು. "ಕೆಟ್ಟೋಗಿರ್ಬೇಕು, ಬಾ," ಎಂದು ಒಬ್ಬ ಹೇಳಿದ. ಇಬ್ಬರೂ ದಾಟಿ ಹೋದರು. ಆನೆ ಇರಲಿಲ್ಲ. ಆದರೆ ಅದು ಅವರಿಗೆ ಗೊತ್ತಿತ್ತೇ?

ಗುರುವಾರ ಮತ್ತೆ ಮೀಟಿಂಗ್ ಇದೆ. ಪ್ಲಾಸ್ಟರ್ ತೆಗೆದ ಮೇಲೆ ಲೀಲಾ ಅದೇ ರಸ್ತೆಯಲ್ಲಿ ಕೆಲಸಕ್ಕೆ ಬರುತ್ತಾಳೆ. ಮೂಗು ಒಂದು ಹೇಳಿ ಬೋರ್ಡು ಇನ್ನೊಂದು ಹೇಳಿದರೆ ಯಾವುದನ್ನು ನಂಬಲಿ ಎಂದು ಕೇಳಿ ಕಳಿಸಿದ್ದಾಳೆ.

ಮಿನಿಟ್ಸ್ ಬರೆಯುವವಳು ಈ ಸಲವೂ ನಾನೇ. ಏನೆಂದು ಬರೆಯಲಿ?