ಏರೋನಾಟಿಕಲ್ ಪ್ರಾಜೆಕ್ಟಿಗೆ ಒಂದು ಸಹಿ

ಸ್ನೇಹಿತರೇ, ನನ್ನ ಅವಸ್ಥೆ ಕೇಳಿ. ಏರೋನಾಟಿಕಲ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಕಾಲೇಜಿನ ಹೊರಗಿನ ಮಾರ್ಗದರ್ಶಕರೊಬ್ಬರ ಸಹಿ ಬೇಕು. ಸೋಮವಾರ ಕಡೆಯ ದಿನ. ವಿಮಾನದ ರೆಕ್ಕೆ ವಿನ್ಯಾಸ ಮಾಡಿ ನಿವೃತ್ತರಾದ ಎಂಜಿನಿಯರ್ ಒಬ್ಬರು ಸಿದ್ಧಕಟ್ಟೆಯಲ್ಲಿದ್ದಾರೆಂದು ತಿಳಿದು, ಇವತ್ತು ಬೆಳಿಗ್ಗೆ ಮೂಡುಬಿದಿರೆಯಿಂದ ಬಸ್ಸು ಹತ್ತಿದೆ.

ಅವರು ನನ್ನ ವರದಿ ಓದಿ, "ರೆಕ್ಕೆಯ ಲೆಕ್ಕ ಚೆಂದ ಉಂಟು. ನಾನೇ ಗೈಡ್ ಮಾಡ್ತೇನೆ" ಎಂದರು. ಪೆನ್ನು ತೆಗೆದವರು ಸಹಿ ಹಾಕುವುದು ಬಿಟ್ಟು ಕೇಳಿದರು, "ಅಮ್ಮನ ಮನೆ ಎಲ್ಲಿ ಮಗಾ?"

"ಬೆಳ್ತಂಗಡಿ ಹತ್ತಿರ ಸರ್."

ಹತ್ತಿರ ಅಂದರೆ ಎಲ್ಲಿ, ಅಜ್ಜಿ ಯಾರು, ಅಜ್ಜಿಯ ಅಕ್ಕನನ್ನು ಮಾಣಿ ಊರಿಗೆ ಮದುವೆ ಮಾಡಿ ಕೊಟ್ಟದ್ದಲ್ಲವಾ ಎಂದು ಕೇಳುತ್ತಲೇ ಹೋದರು. ಎರಡು ಕಡೆ ಫೋನೂ ಮಾಡಿದರು. ಮುಕ್ಕಾಲು ಗಂಟೆಯ ನಂತರ ಗೆದ್ದವರ ಹಾಗೆ ನಕ್ಕರು. "ಹಾಗಾದ್ರೆ ನಾನು ನಿಂಗೆ ಮಾವ ಆಗ್ಬೇಕು ಮಾರಾಯ್ತಿ."

ಆಮೇಲೆ ಫಾರ್ಮಿನ ಕೊನೆಯ ಸಾಲು ಓದಿದರು: ಮಾರ್ಗದರ್ಶಕರು ವಿದ್ಯಾರ್ಥಿಯ ಸಂಬಂಧಿಯಾಗಿರಬಾರದು. ಪೆನ್ನಿಗೆ ಮುಚ್ಚಳ ಹಾಕಿದರು.

"ಗೊತ್ತಿದ್ದೂ ಸುಳ್ಳು ಬರೀಲಿಕ್ಕೆ ಆಗುದಿಲ್ಲ ಮಗಾ. ಊಟ ಮಾಡಿ ಹೋಗು."

ಊಟ ಮಾಡಿ ಬಂದೆ. ವಿಮಾನದ ವಿಷಯ ಬಲ್ಲವರು ಯಾರಾದರೂ ಇದ್ದರೆ ತಿಳಿಸಿ. ಅಮ್ಮನ ಮನೆ ಎಲ್ಲಿ ಎಂದು ಮಾತ್ರ ಕಾಮೆಂಟಿನಲ್ಲಿ ಕೇಳಬೇಡಿ.