ಹುಳವಿಲ್ಲದ ಹಳ್ಳ

ಮೊನ್ನೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಸಕಲೇಶಪುರದ ಒಂದು ಲ್ಯಾಬಿನಲ್ಲಿ ತೋಳು ಚಾಚಿ ಕೂತಿದ್ದೆ. ಅಲ್ಲಿನ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಕಪ್ಪೆಗಳ ನೆನಪಾಯಿತು. ಸ್ಪಿರಿಟ್ ವಾಸನೆಗೆ ಯಾರಿಗಾದರೂ ಆಸ್ಪತ್ರೆ ನೆನಪಾಗಬೇಕು. ನನಗೆ ಮಾತ್ರ ನಮ್ಮ ಮನೆಯ ಹಿಂಬದಿಯ ಸ್ಟೋರ್ ರೂಮು, ಅಲ್ಲಿನ ಹಳೇ ಮೇಜು, ಮೇಜಿನ ತುಂಬ ಪುಟ್ಟ ಗಾಜಿನ ಬಾಟಲಿಗಳು, ಅವುಗಳೊಳಗೆ ದಾರದ ತುಣುಕಿನ ಹಾಗೆ ತಳ ಹಿಡಿದ ಹುಳಗಳು. “ಯಾಕ್ ಸಾರ್ ನಗ್ತಿದೀರ, ನೋವಾಗ್ಲಿಲ್ವಾ?” ಎಂದಳು ಸೂಜಿ ಹೊರಗೆಳೆದ ಹುಡುಗಿ. ಏನೆಂದು ಹೇಳಲಿ? ಏಳೆಂಟು ವರ್ಷವಾದರೂ ನನಗೇ ಸರಿಯಾಗಿ ತಿಳಿಯದ ಸಂಗತಿ. ನಿಮಗೆ ಹೇಳಿ ನೋಡುತ್ತೇನೆ. ಅರ್ಥವಾದರೆ ನನಗೂ ತಿಳಿಸಿ.

ನಮ್ಮದು ಯಸಳೂರಿನಿಂದ ಸ್ವಲ್ಪ ಒಳಗೆ ಒಂದು ಕಾಫಿ ತೋಟ. ಎಸ್ಟೇಟ್ ಎಂದು ಬೋರ್ಡು ಹಾಕಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣದು. ತೋಟದ ನೆತ್ತಿಯ ಮೇಲೆ ಹರಿಯುವುದು ಮೇಲಿನ ಹಳ್ಳ. ಅಲ್ಲಿಂದ ಹೋಸ್ ಪೈಪಿನಲ್ಲಿ ಇಳಿದು ಬರುವ ನೀರನ್ನೇ ನಾವೂ, ಲೈನ್ ಮನೆಗಳಲ್ಲಿರುವ ಕೆಲಸದವರೂ ಕುಡಿಯುವುದು. ಗುಡ್ಡದ ಇನ್ನೊಂದು ಮಗ್ಗುಲಿಗೆ ಕೆಳಗಿನ ಹಳ್ಳ. ಅದು ನಮ್ಮ ಚಿಕ್ಕಪ್ಪನ ತೋಟದೊಳಗೆ ಹಾದುಹೋಗುತ್ತದೆ. ಚಿಕ್ಕಪ್ಪ ಅದರ ದಡದಲ್ಲೇ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹಾಕಿಸಿದ್ದರು. ಕೊಯ್ಲಿನ ತಿಂಗಳುಗಳಲ್ಲಿ ಪಲ್ಪರಿನ ಕಂದು ನೀರು ಸೀದಾ ಹಳ್ಳಕ್ಕೆ. ಉಳಿದ ಕಾಲದಲ್ಲಿ ಅದೂ ಕನ್ನಡಿಯ ಹಾಗೆ ತಿಳಿಯಾಗಿಯೇ ಇರುತ್ತಿತ್ತು. ಪಾಲಾದಾಗ ಮೇಲಿನ ಹಳ್ಳ ಅಣ್ಣನಿಗೆ ಹೋಯಿತು, ಕೆಳಗಿನದು ತನಗೆ ಉಳಿಯಿತು ಎನ್ನುವ ಸಂಕಟ ಚಿಕ್ಕಪ್ಪನಿಗೆ. ಅಪ್ಪ ತೀರಿಹೋದ ಮೇಲೆ ಆ ಸಂಕಟ ನನ್ನ ಹೆಸರಿಗೆ ಬಂದಿತ್ತು. ನಮ್ಮಿಬ್ಬರ ನಡುವೆ ಮಾತೇನೋ ಇತ್ತು, ಆದರೆ ಪ್ರತಿ ಮಾತಿನಲ್ಲೂ ಒಂದು ಮುಳ್ಳು.

ಹೀಗಿರುವಾಗ ನನ್ನ ಹೆಂಡತಿ ಶಾರದೆಯ ಕಾಲೇಜಿನ ಗೆಳತಿ ರೇಷ್ಮಾ ಬಂದಳು. ಅವಳ ತಂದೆ ಸಕಲೇಶಪುರದಲ್ಲಿ ಕಾಫಿ ವ್ಯಾಪಾರದವರು. ಮಗಳು ಪಿಎಚ್‌.ಡಿ.ಗೆ ಹಿಡಿದ ವಿಷಯ, ಹರಿಯುವ ನೀರಿನ ಕಪ್ಪೆಗಳ ಮೈಯೊಳಗಿನ ಹುಳ. ಗದ್ದೆಯ ಕಪ್ಪೆಯಲ್ಲ, ಹಳ್ಳದ ಬಂಡೆಗೆ ಅಂಟಿಕೊಂಡು ಕೂರುತ್ತವಲ್ಲ, ಅವು. “ಮನೇಲಿ ಬಾಟ್ಲಿ ಇಡೋಕೆ ಅಮ್ಮಿ ಬಿಡಲ್ಲ ಅಣ್ಣ. ಅಡುಗೆ ಮನೆಗೆ ವಾಸನೆ ಬರುತ್ತೆ ಅಂತಾರೆ. ನಿಮ್ಮಲ್ಲಿ ಒಂದು ಮೂಲೆ ಕೊಡ್ತೀರಾ?” ಎಂದು ಕೇಳಿದಳು. ಅರಣ್ಯ ಇಲಾಖೆಯ ಅನುಮತಿ ಅವಳಿಗಿತ್ತು. ನನ್ನ ಅನುಮತಿಯನ್ನು ಶಾರದೆ ಆಗಲೇ ಕೊಟ್ಟಾಗಿತ್ತು. ಮಳೆ ಹಿಂದೆಗೆದ ಮೇಲೆ ಸ್ಟೋರ್ ರೂಮಿನ ಗೊಬ್ಬರದ ಚೀಲಗಳು ಹೊರಗೆ ಬಂದವು, ಮೈಕ್ರೋಸ್ಕೋಪು ಒಳಗೆ ಹೋಯಿತು.

ಮೊದಲ ಸಲ ಅದರಲ್ಲಿ ಕಣ್ಣಿಟ್ಟಾಗ ನನಗೆ ಕಂಡದ್ದು ನನ್ನದೇ ರೆಪ್ಪೆ. ಆಮೇಲೆ ಏನೋ ಸರಿದಾಡಿತು. ಎಲೆಯ ಚೂರಿನ ಹಾಗೆ ಚಪ್ಪಟೆ, ತೆಳ್ಳಗೆ. ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಒಳಗೆಲ್ಲ ಕಂದು ಬಣ್ಣದ ಮೊಟ್ಟೆಗಳು, ಕಾಫಿ ಬೀಜ ತುಂಬಿದ ಚೀಲದ ಹಾಗೆ. ಕಪ್ಪೆಯ ಶ್ವಾಸಕೋಶದಲ್ಲಿ ಇದ್ದದ್ದು ಎಂದಳು ರೇಷ್ಮಾ.

“ಪಾಪ, ಕಾಯಿಲೆ ಕಪ್ಪೆ,” ಎಂದೆ.

“ಇಲ್ಲ ಅಣ್ಣ, ಚೆನ್ನಾಗಿತ್ತು. ಇದನ್ನ ಹಿಡಿಯೋಕೆ ನಾನು ಎರಡು ಸಲ ಜಾರಿ ಬಿದ್ದೆ.”

ಗೊಂದಲ ಅಲ್ಲಿಂದಲೇ ಶುರುವಾಯಿತು. ಆರೋಗ್ಯವಾಗಿದ್ದ ಕಪ್ಪೆಯೊಳಗೆ ಹುಳ. ಹುಳ ಇದ್ದೂ ಆರೋಗ್ಯ. ಇದು ಯಾವ ಸೀಮೆಯ ಲೆಕ್ಕ?

ಇನ್ನು ನಮ್ಮ ಭಾಷೆಯಲ್ಲಿ ‘ಹುಳ’ ಎನ್ನುವ ಪದದ ಅವಸ್ಥೆ ನಿಮಗೆ ಗೊತ್ತೇ ಇದೆ. ಅಕ್ಕಿಯಲ್ಲಿ ಆಗುವುದೂ ಹುಳ, ಕಾಫಿ ಕಾಂಡ ಕೊರೆಯುವುದೂ ಹುಳ, ಮಕ್ಕಳ ಹೊಟ್ಟೆಯ ಜಂತುವೂ ಹುಳ. ಕತ್ತಲಾದ ಮೇಲೆ ಹಾವಿನ ಹೆಸರು ಹೇಳಬಾರದೆಂದು ಅದನ್ನೂ ಹುಳ ಎನ್ನುತ್ತೇವೆ. ಚಿಪ್ಪು ಹೊತ್ತು ತೆವಳುವ ಪಾಪದ ಪ್ರಾಣಿಯೂ ಬಸವನಹುಳು. ಇಷ್ಟೆಲ್ಲವನ್ನು ಒಂದೇ ಪದದ ಬೆನ್ನಿಗೆ ಹೇರಿದ ಮೇಲೆ ‘ಹಳ್ಳದಲ್ಲಿ ಹುಳ ಇದೆ’ ಎಂದರೆ ಕೇಳಿದವರಿಗೆ ಏನು ಅರ್ಥವಾಗಬೇಕು?

ಲೈನಿನ ಲಕ್ಷ್ಮಿ ಒಂದು ದಿನ ಶಾರದೆಗೆ ಸೊಪ್ಪು ಕೊಡಲು ಬಂದವಳು ಸ್ಟೋರ್ ರೂಮಿಗೆ ಇಣುಕಿದಳು. ರೇಷ್ಮಾ ಖುಷಿಯಿಂದ ಕರೆದು ತೋರಿಸಿದಳು. ಲಕ್ಷ್ಮಿ ನೋಡಿದಳು, ಎರಡು ಹೆಜ್ಜೆ ಹಿಂದೆ ಸರಿದಳು, ಮತ್ತೆ ನೋಡಿದಳು.

“ಇದು ಎಲ್ಲಿದವ್ವ?”

“ಮೇಲಿನ ಹಳ್ಳದ ಕಪ್ಪೆದು.”

“ಕೆಳಗಿನ ಹಳ್ಳದ್ರಾಗೆ ಇಲ್ವಾ?”

“ಅಲ್ಲಿ ಹಿಡಿದ ಕಪ್ಪೇಲಿ ಇದುವರೆಗೂ ಸಿಕ್ಕಿಲ್ಲ.”

ಅಷ್ಟೇ ಮಾತು. ಲಕ್ಷ್ಮಿ ಸೊಪ್ಪನ್ನು ಅಲ್ಲೇ ಬಾಗಿಲ ಬಳಿ ಇಟ್ಟು ಹೋದಳು. ಮಾರನೆಯ ಬೆಳಿಗ್ಗೆ ಲೈನಿನ ಹೆಂಗಸರು ಕೊಡ ಹೊತ್ತು ಗುಡ್ಡ ಹತ್ತಿಳಿದು ಕೆಳಗಿನ ಹಳ್ಳಕ್ಕೆ ನೀರಿಗೆ ಹೊರಟಿದ್ದರು. ನಮ್ಮ ನಲ್ಲಿ ಯಾರೂ ತಿರುಗಿಸುವವರಿಲ್ಲದೆ ಸುಮ್ಮನೆ ನಿಂತಿತ್ತು.

ನಾನು ಅಡ್ಡ ಹೋಗಿ ಕೇಳಿದೆ. ಲಕ್ಷ್ಮಿ ಕೊಡವನ್ನು ಸೊಂಟದಿಂದ ಇಳಿಸಲಿಲ್ಲ. “ಅಯ್ಯಾ, ನಮ್ಮ ಚಿಕ್ಕೋಳಿಗೆ ಹೋದ್ ವರ್ಷವೆಲ್ಲ ಹೊಟ್ಟೆನೋವು. ಕಣ್ಣಾರೆ ನೋಡ್ಬುಟ್ಟು ಅದೇ ನೀರು ಕುಡ್ಸು ಅಂತೀರಾ?”

ಉತ್ತರ ಗೊತ್ತಿರಬೇಕಾದವಳನ್ನು ಹೋಗಿ ಕೇಳಿದೆ. ರೇಷ್ಮಾ ಕೈಲಿದ್ದ ಬಾಟಲಿಯನ್ನು ಕೆಳಗಿಟ್ಟಳು. ಕಪ್ಪೆಯ ಈ ಹುಳ ನೀರು ಕುಡಿದ ಮಾತ್ರಕ್ಕೆ ಮನುಷ್ಯರಿಗೆ ಬರುವುದಿಲ್ಲ ಎಂದಳು. ಅದರ ಮರಿ ಮೊದಲು ನೀರಿನ ಬಸವನಹುಳುವಿನೊಳಗೆ ಬೆಳೆಯಬೇಕು, ಆಮೇಲೆ ಏರೋಪ್ಲೇನ್ ಚಿಟ್ಟೆಯ, ನೀರಲ್ಲೇ ಬೆಳೆಯುವ ಮರಿಯಂಥ ಕೀಟದೊಳಗೆ ಸೇರಬೇಕು, ಆ ಕೀಟವನ್ನು ಕಪ್ಪೆ ತಿಂದಾಗ ಕಪ್ಪೆಯೊಳಕ್ಕೆ. ನಡುವೆ ಒಂದು ಮೆಟ್ಟಿಲು ಕಳಚಿದರೂ ಹುಳದ ಸಂಸಾರ ಮುಗಿಯಿತು. “ಮೇಲಿನ ಹಳ್ಳದಲ್ಲಿ ಎಲ್ಲಾ ಇವೆ ಅಣ್ಣ, ಅದಕ್ಕೇ ಹುಳವೂ ಇದೆ. ನನಗೆ ಭಯ ಇರೋದು ಕೆಳಗಿನ ಹಳ್ಳದ ಬಗ್ಗೆ. ಅಲ್ಲಿ ಯಾವುದೋ ಮೆಟ್ಟಿಲು ಕಳಚಿರ್ಬೇಕು.”

“ಹಾಗಾದರೆ ನಮ್ಮ ನೀರನ್ನ ಹಾಗೇ ಕುಡೀಬಹುದು?”

“ಅಯ್ಯೋ ಬೇಡ, ಕಾಯಿಸಿ ಕುಡೀರಿ. ಹಳ್ಳದ ನೀರು ಯಾವತ್ತೂ ಕಾಯಿಸ್ಲೇಬೇಕು. ಆದ್ರೆ ಈ ಹುಳಕ್ಕೋಸ್ಕರ ಅಲ್ಲ.”

ಇದನ್ನು ತೆಗೆದುಕೊಂಡು ಹೋಗಿ ನಾನು ಲೈನಿನವರಿಗೆ ಹೇಳಬೇಕು. ಹುಳ ಇರುವ ನೀರು ಒಳ್ಳೆಯದು, ಹುಳ ಇಲ್ಲದ ನೀರು ಕೆಟ್ಟದ್ದು, ಒಳ್ಳೆಯ ನೀರನ್ನು ಕಾಯಿಸಿ ಕುಡಿಯಿರಿ, ಆದರೆ ಹುಳಕ್ಕೋಸ್ಕರ ಅಲ್ಲ. ಹೇಳಿದೆ ಕೂಡ. ಎಲ್ಲರೂ ಸಮಾಧಾನದಿಂದ ಕೇಳಿ, ಕೊಡ ಎತ್ತಿಕೊಂಡು ಕೆಳಗಿನ ಹಳ್ಳಕ್ಕೇ ಹೋದರು. ಯಸಳೂರಿನ ಬಸ್ ನಿಲ್ಲುವಲ್ಲಿನ ಹೋಟೆಲಿನಲ್ಲಿ ಕೂತು ಇನ್ನೊಮ್ಮೆ ಪ್ರಯತ್ನಿಸಿದೆ. ಬಸವನಹುಳುವಿನಿಂದ ಏರೋಪ್ಲೇನ್ ಚಿಟ್ಟೆಗೆ ಬರುವಷ್ಟರಲ್ಲಿ ಹೋಟೆಲಿನವನು, “ಮಾರಾಯ್ರೆ, ಇನ್ನೊಂದು ಟೀ ಕುಡೀರಿ. ತಲೆ ಸರಿಹೋಗ್ತದೆ,” ಎಂದ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಮನೆಯಲ್ಲಿ ನೀರು ಕುಡಿಯುವಾಗ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಶಾರದೆ ನೋಡುತ್ತಾಳೆಂದು ಗೊತ್ತಾದರೆ ತಟಕ್ಕನೆ ಕುಡಿದುಬಿಡುತ್ತಿದ್ದೆ.

ಚಿಕ್ಕಪ್ಪನ ಸಂಭ್ರಮ ಹೇಳತೀರದು. ಹೆಂಗಸರು ನೀರಿಗೆ ಬಂದರೆ ದಡದಲ್ಲಿ ನಿಂತು ಸ್ವಾಗತ. “ಬನ್ನಿ ಬನ್ನಿ, ಎಷ್ಟು ಬೇಕೋ ತಗೊಂಡೋಗಿ. ನಮ್ಮ ಹಳ್ಳದಾಗೆ ಒಂದು ಹುಳ ತೋರ್ಸಿ ನೋಡನ!” ಎನ್ನುವರು. ಪಾಲಿನಲ್ಲಿ ಆದ ಅನ್ಯಾಯಕ್ಕೆ ದೇವರೇ ಕಪ್ಪೆಯ ರೂಪದಲ್ಲಿ ಬಂದು ನ್ಯಾಯ ಕೊಟ್ಟಂತಾಗಿತ್ತು ಅವರಿಗೆ. ಆದರೆ ತೋಟದಲ್ಲಿ ಹಣ್ಣು ಕೆಂಪೇರುತ್ತಿತ್ತು. ಇನ್ನೇನು ಪಲ್ಪರ್ ಶುರುವಾಗುತ್ತದೆ, ಲಕ್ಷ್ಮಿಯ ಮಗಳು ಆ ನೀರು ಕುಡಿಯುತ್ತಿದ್ದಾಳೆ. ನಾನು ಬಾಯಿಬಿಟ್ಟರೆ ಹೊಟ್ಟೆಕಿಚ್ಚು ಎನ್ನುತ್ತಾರೆ.

ರೇಷ್ಮಾಳೇ ಹೋಗಿ ಚಿಕ್ಕಪ್ಪನನ್ನು ಕರೆತಂದಳು. ಏನು ಹೇಳಿ ಕರೆದಳೋ ತಿಳಿಯದು. ಎಷ್ಟೋ ವರ್ಷಗಳ ಮೇಲೆ ನಮ್ಮ ಅಂಗಳ ತುಳಿದ ಚಿಕ್ಕಪ್ಪ ಗೆದ್ದವರ ಗತ್ತಿನಲ್ಲಿ ಸ್ಟೋರ್ ರೂಮಿಗೆ ಬಂದು, ಕನ್ನಡಕ ತೆಗೆದು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

“ಜೀವ ಐತೆ ಕಣೋ ಇದಕ್ಕೆ,” ಎಂದರು. ನನ್ನೊಡನೆ ಮುಳ್ಳಿಲ್ಲದೆ ಆಡಿದ ಮೊದಲ ಮಾತು ಅದು.

“ಅಂಕಲ್, ನಿಮ್ಮ ಹಳ್ಳದಲ್ಲಿ ಇದು ಯಾಕಿಲ್ಲ ಅಂತ ನೋಡಬೇಕು. ನೀವೂ ಬನ್ನಿ,” ಎಂದಳು ರೇಷ್ಮಾ.

ಮೂವರೂ ಕೆಳಗಿನ ಹಳ್ಳಕ್ಕೆ ಹೋದೆವು. ಪಲ್ಪರಿನಿಂದ ಸ್ವಲ್ಪ ಕೆಳಗೆ ರೇಷ್ಮಾ ನೀರಿಗಿಳಿದು ಒಂದು ಕಲ್ಲು ಮಗುಚಿದಳು. ಅಡಿಯಲ್ಲಿ ಏನಿಲ್ಲ. ಇನ್ನೊಂದು ಮಗುಚಿದಳು. ಕಪ್ಪು ಲೋಳೆ. ಚಿಕ್ಕಪ್ಪ ದಡದಲ್ಲಿ ನಿಂತು ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ತಾವೇ ಇಳಿದರು. ಒಂದು ಕಲ್ಲು, ಮತ್ತೊಂದು, ಅದರಾಚೆಯದು.

“ಏಡಿ ಎಲ್ಲಿ ಹೋದ್ವೋ?” ಎಂದರು ನನ್ನ ಕಡೆ ತಿರುಗಿ. “ಇದೇ ಕಲ್ಲಿನಡಿ ನಾನೂ ನಿಮ್ಮಪ್ಪನೂ ಏಡಿ ಹಿಡೀತಿದ್ವಿ. ಅಣ್ಣನ ಹೆಬ್ಬೆಟ್ಟು ಕಚ್ಚಿ ಹಿಡ್ಕಂಡಿದ್ದೂ ಇಲ್ಲೇ. ಎಲ್ಲಿ ಹೋದ್ವು?”

ಚಿಕ್ಕಪ್ಪ ರೇಷ್ಮಾಳನ್ನು ಕೇಳಿದರು, ಸಿಟ್ಟಿನಲ್ಲೇ: “ನಮ್ಮ ಪಲ್ಪರ್‌ನಿಂದ ಅಂತೀಯೇನವ್ವ?”

ಹೌದು ಅನ್ನು, ಹೌದು ಅನ್ನು ಎಂದು ನನ್ನ ಮನಸ್ಸು ಕುಣಿಯಿತು. ಆದರೆ ಅವಳು ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು, “ನಂಗೆ ಗೊತ್ತಿಲ್ಲ ಅಂಕಲ್. ಇರಬಹುದು ಅನ್ಸುತ್ತೆ. ಗಿಡಕ್ಕೆ ಔಷಧಿ ಹೊಡೆದಿದ್ದಕ್ಕೂ ಆಗಿರಬಹುದು. ನಾನಿಲ್ಲಿ ನೋಡಿರೋ ಕಪ್ಪೆ ಕಮ್ಮಿ. ಗೊತ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ,” ಎಂದಳು.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಷ್ಟು ದೂರ ಕರೆತಂದು ಗೊತ್ತಿಲ್ಲ ಎನ್ನುವುದೇ? ಚಿಕ್ಕಪ್ಪ ಅವಳ ಮುಖವನ್ನೇ ನೋಡುತ್ತ ನಿಂತರು. ಪಂಚೆ ಇಳಿಬಿಟ್ಟು ಮನೆ ಕಡೆ ಹೊರಟರು. ಎಲ್ಲ ಮುಗಿಯಿತು ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ನೀರಿಗೆ ಬಂದ ಹೆಂಗಸರನ್ನು ಚಿಕ್ಕಪ್ಪನೇ ತಡೆದರಂತೆ. ಲಕ್ಷ್ಮಿ ಖಾಲಿ ಕೊಡದೊಂದಿಗೆ ವಾಪಸು ಬಂದು ನಮ್ಮ ನಲ್ಲಿಯ ಕೆಳಗೆ ಅದನ್ನು ಕುಕ್ಕಿ ಇಟ್ಟಳು. “ದೊಡ್ಡಯ್ಯ ಬ್ಯಾಡ ಅಂದ್ಬುಟ್ರು. ಮೇಲಿನ ಹಳ್ಳದ್ದೇ ಕುಡೀರಿ, ಕಾಯ್ಸಿ ಕುಡೀರಿ ಅಂದ್ರು. ಅವ್ರೇ ಹೇಳಿದ್ಮೇಲೆ ಏನೋ ಐತೆ,” ಎಂದಳು. ನಾನು ಹೇಳಿದಾಗ ಇರದಿದ್ದ ಏನೋ ಅವರು ಹೇಳಿದಾಗ ಇದ್ದದ್ದು ಹೇಗೆ ಎಂದು ಕೇಳುವ ಹಂಬಲವಾಯಿತು. ಕೇಳಲಿಲ್ಲ. ನಲ್ಲಿ ತಿರುಗಿಸಿದೆ. ಶಾರದೆ ಲೈನಿನ ಮನೆಮನೆಗೂ ಹೋಗಿ ನೀರು ಕುದಿಸುತ್ತಾರೋ ಇಲ್ಲವೋ ನೋಡಿಕೊಂಡು ಬರತೊಡಗಿದಳು. ಲಕ್ಷ್ಮಿಯ ಮಗಳಿಗೆ ಹೊಟ್ಟೆನೋವು ಕಡಿಮೆಯಾಯಿತು. ಕಾಯಿಸಿದ ನೀರಿನಿಂದಲೋ, ಶಾಲೆಯಲ್ಲಿ ಕೊಟ್ಟ ಜಂತುಮಾತ್ರೆಯಿಂದಲೋ, ನನ್ನನ್ನು ಕೇಳಬೇಡಿ.

ಆ ವರ್ಷ ಪಲ್ಪರ್ ಶುರುವಾಗುವ ಮೊದಲೇ ಚಿಕ್ಕಪ್ಪ ಜೆಸಿಬಿ ತರಿಸಿ ದೊಡ್ಡ ಹೊಂಡ ತೋಡಿಸಿದರು. ಕಂದು ನೀರೆಲ್ಲ ಅದಕ್ಕೆ ಹೋಗುವಂತೆ ಪೈಪು ತಿರುಗಿಸಿದರು. “ಯಾಕೆ ಚಿಕ್ಕಪ್ಪ?” ಎಂದು ಕೇಳಿದ್ದಕ್ಕೆ, “ವಾಸ್ನೆ ಹೊಡೀತಿತ್ತು ಕಣೋ, ಅದಕ್ಕೆ,” ಎಂದರು. ವಾಸನೆ ಹೊಡೆಯುತ್ತಿದ್ದದ್ದು ಇಪ್ಪತ್ತು ವರ್ಷದಿಂದ. ರೇಷ್ಮಾ ಹೊರಡುವ ದಿನ ಮಾತ್ರ ಅವರು ಒಂದು ಚೀಲ ಕಿತ್ತಳೆ ಹೊತ್ತು ಬಂದು, “ಗೊತ್ತಿಲ್ಲ ಅಂದ್ಯಲ್ಲವ್ವ, ಅದಕ್ಕೇ ನಂಬಿದ್ದು,” ಎಂದರು. ಅವಳು ಅತ್ತೇಬಿಟ್ಟಳು. ಅಳುವಂಥದ್ದು ಅದರಲ್ಲೇನಿತ್ತು ಎಂದು ನಾನು ಶಾರದೆಯನ್ನು ಕೇಳಿದೆ. ಅವಳು ನನ್ನನ್ನು ನೋಡಿದ ರೀತಿಗೆ ಸುಮ್ಮನಾದೆ.

ಮೊನ್ನೆ ಲ್ಯಾಬಿನಿಂದ ಮನೆ ಸೇರಿದ ಸಂಜೆ ಚಿಕ್ಕಪ್ಪನ ಫೋನು. “ಕೆಳಗಿನ ಹಳ್ಳಕ್ಕೆ ಬಾರೋ, ಬೇಗ.” ಹೋದೆ. ನೀರಿನ ನಡುವಿನ ಬಂಡೆಯ ಮೇಲೆ ಒಂದು ಕಪ್ಪೆ ಕೂತಿತ್ತು. ಬಂಡೆಯ ಬುಡಕ್ಕೆ ಅಂಟಿಕೊಂಡು ಪುಟ್ಟ ಪುಟ್ಟ ಬಸವನಹುಳುಗಳು. ಚಿಕ್ಕಪ್ಪ ಪಿಸುಮಾತಿನಲ್ಲಿ, “ಆ ಹುಡುಗಿಗೆ ಫೋನ್ ಹಚ್ಚು,” ಎಂದರು.

ರೇಷ್ಮಾ ಈಗ ದೂರದ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಸ್ಪೀಕರ್ ಹಾಕಿದೆ. ಚಿಕ್ಕಪ್ಪ ಫೋನಿಗೆ ಬಾಯಿಟ್ಟು, “ಏನವ್ವ, ಕಪ್ಪೆ ಬಂದೈತೆ. ಹೊಟ್ಟೆಯಾಗೆ ಹುಳ ಬಂದೈತೋ ಇಲ್ವೋ ಹೆಂಗೆ ಗೊತ್ತಾಗೋದು?” ಎಂದು ಕೇಳಿದರು.

ಅತ್ತಲಿಂದ ನಗು. “ಖಚಿತವಾಗಿ ಗೊತ್ತಾಗಬೇಕು ಅಂದ್ರೆ ಹಿಡಿದು ಕೊಯ್ದೇ ನೋಡ್ಬೇಕು ಅಂಕಲ್. ರಜಾ ಸಿಕ್ಕಿದಾಗ ಬರ್ಲಾ?”

ಚಿಕ್ಕಪ್ಪ ಕಪ್ಪೆಯನ್ನು ನೋಡಿದರು. ಕಪ್ಪೆಯ ಗಂಟಲು ಏರಿ ಇಳಿಯುತ್ತಿತ್ತು. ನನಗೆ ತಿಳಿದುಕೊಳ್ಳುವ ಆಸೆ ಇರಲಿಲ್ಲವೆಂದಲ್ಲ. ಹೊಂಡ ತೋಡಿದ್ದು ಸಾರ್ಥಕವಾಯಿತೇ, ಅವಳ ಊಹೆ ಸರಿಯಿತ್ತೇ, ಅಷ್ಟು ವರ್ಷದ ಗೊಂದಲಕ್ಕೆ ಕೊನೆಗೂ ಒಂದು ಹೌದು ಅಥವಾ ಇಲ್ಲ ಸಿಗುತ್ತದೆಯೇ ಎಂದು ಕಾದು ನಿಂತಿದ್ದೆ.

“ಬ್ಯಾಡ ಕಣವ್ವ,” ಎಂದರು ಚಿಕ್ಕಪ್ಪ. “ಇದ್ಕಳ್ಳಿ ಬಿಡು. ನೀನು ಸುಮ್ನೆ ಊಟಕ್ಕೆ ಬಾ.”

ಅದನ್ನು ಕೇಳಿ ನನಗೇಕೆ ಅಷ್ಟು ಹಗುರವಾಯಿತೋ ಹೇಳಲಾರೆ. ಅಷ್ಟರಲ್ಲಿ ಕಪ್ಪೆ ನೀರಿಗೆ ಹಾರಿತು. ಒಂಟಿಯಾಗಿ ಹಾರಿತೋ, ಒಳಗೆ ಇನ್ನೂ ಕೆಲವು ಜೀವಗಳನ್ನು ಹೊತ್ತು ಹಾರಿತೋ ತಿಳಿಯದೆ, ನಾವಿಬ್ಬರೂ ಅದು ಮುಳುಗಿದ ಜಾಗವನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದೆವು.